ಹೇಳಿಕೆ ಲೆಕ್ಕಕ್ಕೆ ಗುಂಪಿನ ಆಟ: ನಾಲ್ಕು ಮಕ್ಕಳು, ಒಂದು ಲೆಕ್ಕ, ಒಂದು ಚೀಟಿ

ಎಂಟನೇ ಕ್ಲಾಸಿನ 48 ಮಕ್ಕಳು, 40 ನಿಮಿಷದ ಪೀರಿಯಡ್. ಸಮೀಕರಣ ಬರೆದುಕೊಟ್ಟರೆ ಬಿಡಿಸುತ್ತಾರೆ, ಅದೇ ಲೆಕ್ಕ ಹೇಳಿಕೆಯಲ್ಲಿ ಬಂದರೆ ಪೆನ್ನು ಕೆಳಗಿಡುತ್ತಾರೆ. ಗುಂಪಿನಲ್ಲಿ ಆಡಿಸುವ ಆಟ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಕ್ಲಾಸಿನಲ್ಲೂ ಇದೇ ಪಾಡು ಇತ್ತು. ನಾವು ಆಡುವ ಆಟವನ್ನೇ ಹೇಳುತ್ತೇನೆ.

ಮೊದಲ ವರ್ಷ ನಾನು ಮಾಡಿದ್ದು ತಪ್ಪು. ಯಾರು ಮೊದಲು ಉತ್ತರ ಹೇಳುತ್ತಾರೋ ಆ ಗುಂಪಿಗೆ ಅಂಕ ಅಂದುಬಿಟ್ಟಿದ್ದೆ. ಪ್ರತಿ ಗುಂಪಿನಲ್ಲೂ ಲೆಕ್ಕ ಚೆನ್ನಾಗಿ ಬರುವ ಒಬ್ಬರು ಕಾಗದ ಎಳೆದುಕೊಂಡರು, ಉಳಿದ ಮೂವರು ಪಕ್ಕದಲ್ಲಿ ಕೂತು "ಬೇಗ, ಬೇಗ" ಅಂದರು. ಯಾರಿಗೆ ಕಲಿಯುವ ಅಗತ್ಯ ಇತ್ತೋ ಅವರು ಒಂದಕ್ಷರ ಬರೆಯಲಿಲ್ಲ.

ಆಮೇಲೆ ಒಂದು ಲೆಕ್ಕದ ಕೆಲಸವನ್ನು ನಾಲ್ಕು ಜನಕ್ಕೆ ಹಂಚಿದೆ. ಮೊದಲನೆಯವರಿಗೆ ಮಾತ್ರ ಲೆಕ್ಕದ ಕಾಗದ ಸಿಗುತ್ತದೆ. ಅವರು ಎರಡು ಸಲ ಓದಿ, ಕಾಗದ ಮಗುಚಿಟ್ಟು, ಅದರಲ್ಲಿ ಏನಾಯಿತು ಅಂತ ತಮ್ಮ ಮಾತಿನಲ್ಲಿ ಹೇಳಬೇಕು. ಎಕ್ಸ್ ಅಂದರೆ ಏನು ಅಂತಲೂ ಅವರೇ ಹೇಳಬೇಕು. ಎರಡನೆಯವರು ಕೇಳಿಸಿಕೊಂಡು ಚೀಟಿಯಲ್ಲಿ ಸಮೀಕರಣ ಬರೆಯುತ್ತಾರೆ. ಮೂರನೆಯವರು ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬಿಡಿಸುತ್ತಾರೆ, ತಿದ್ದುವ ಹಾಗಿಲ್ಲ. ನಾಲ್ಕನೆಯವರು ಬಂದ ಉತ್ತರವನ್ನು ಕಥೆಗೆ ಹಾಕಿ ನೋಡುತ್ತಾರೆ. ಸಮೀಕರಣಕ್ಕೆ ಅಲ್ಲ, ಕಥೆಗೆ. ತಾಳೆಯಾಗದಿದ್ದರೆ ಚೀಟಿ ಎರಡನೆಯವರ ಕೈಗೆ ವಾಪಸ್. ಮುಂದಿನ ಲೆಕ್ಕಕ್ಕೆ ಎಲ್ಲರೂ ಒಂದೊಂದು ಜಾಗ ಸರಿಯುತ್ತಾರೆ.

ಕಥೆಗೆ ಹಾಕಿ ನೋಡಬೇಕು ಅಂತ ಯಾಕೆ ಹಟ ಮಾಡುತ್ತೇನೆ ಅಂದರೆ, ಈ ಆಟೋ ಲೆಕ್ಕ ನೋಡಿ. 2025ರ ಆಗಸ್ಟ್‌ನಿಂದ ನಮ್ಮೂರಲ್ಲಿ ಮೀಟರ್ ದರ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಮೀಟರ್ 108 ತೋರಿಸಿದರೆ ಆಟೋ ಎಷ್ಟು ದೂರ ಓಡಿತು? ಹೆಚ್ಚಿನ ಗುಂಪುಗಳು 36 + 18ಎಕ್ಸ್ = 108 ಅಂತ ಬರೆದವು. ಎಕ್ಸ್ = 4 ಬಂತು. ಸಮೀಕರಣಕ್ಕೆ ಹಾಕಿದರೆ ಲಕ್ಷಣವಾಗಿ ತಾಳೆಯಾಗುತ್ತದೆ. ಆದರೆ ಒಂದು ಗುಂಪಿನ ನಾಲ್ಕನೇ ಹುಡುಗಿ ಬೆರಳು ಮಡಚಿ ಎಣಿಸುತ್ತಾ ಕೂತಿದ್ದಳು. "4 ಕಿಲೋಮೀಟರ್ ಅಂದ್ರೆ ಮೊದಲ ಎರಡಕ್ಕೆ 36. ಉಳಿದ ಎರಡಕ್ಕೆ ಇನ್ನೊಂದು 36. ಎಪ್ಪತ್ತೆರಡೇ ಆಯ್ತಲ್ಲ ಮಿಸ್?" ಅಂದಳು. ಚೀಟಿ ಹಿಂದೆ ಹೋಯಿತು. ಎರಡು ನಿಮಿಷ ಕಿತ್ತಾಟ. ಕೊನೆಗೆ 36 + 18(ಎಕ್ಸ್ − 2) = 108 ಅಂತ ಬಂತು, ಉತ್ತರ 6. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, "36 ಅಂದ್ರೆ ಎರಡು ಹದಿನೆಂಟೇ ಅಲ್ವಾ? ಸುಮ್ನೆ 108ನ್ನ 18ರಿಂದ ಭಾಗಿಸಿದ್ರೆ ಸಾಕು" ಅಂದ. ಅವನು ಅಲ್ಲಿಯವರೆಗೆ ಕ್ಲಾಸಿನಲ್ಲಿ ಬಾಯಿ ಬಿಟ್ಟವನೇ ಅಲ್ಲ. ಅವನ ಗುಂಪಿಗೆ ಅಲ್ಲೇ ಒಂದು ಅಂಕ ಜಾಸ್ತಿ ಕೊಟ್ಟೆ.

ಆಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮೊದಲನೆಯವರ ಕೆಲಸ. ನಮ್ಮದು ಇಂಗ್ಲಿಷ್ ಮೀಡಿಯಂ ಸೆಕ್ಷನ್. ಪುಸ್ತಕದಲ್ಲಿ "ಫೈವ್ ಲೆಸ್ ದ್ಯಾನ್ ಎ ನಂಬರ್" ಅಂತ ಇದ್ದರೆ ಮಕ್ಕಳು ಓದಿದ ಕ್ರಮದಲ್ಲೇ 5 − ಎಕ್ಸ್ ಅಂತ ಬರೆದುಬಿಡುತ್ತಾರೆ. ಅದನ್ನೇ ಕನ್ನಡದಲ್ಲಿ ಹೇಳು ಅನ್ನಿ. "ಒಂದು ಸಂಖ್ಯೆಗಿಂತ 5 ಕಡಿಮೆ." ಮೊದಲು ಸಂಖ್ಯೆ, ಆಮೇಲೆ 5, ಆಮೇಲೆ ಕಡಿಮೆ. ಕೈ ತಾನಾಗಿ ಎಕ್ಸ್ − 5 ಬರೆಯುತ್ತದೆ. ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳಿಗೂ ಇದೇ ಅನುಕೂಲ, ಆ ಭಾಷೆಗಳಲ್ಲೂ ಕ್ರಮ ಇದೇ. ಅದಕ್ಕೇ ಕಥೆ ಹೇಳುವಾಗ ಮನೆಮಾತು ಬಳಸಿ ಅನ್ನುತ್ತೇನೆ. ಇಂಗ್ಲಿಷ್‌ನಲ್ಲೇ ಹೇಳಬೇಕು ಅಂತ ಕೂರಿಸಿದರೆ ಮಕ್ಕಳು ಪುಸ್ತಕದ ವಾಕ್ಯವನ್ನೇ ಉರು ಹೊಡೆದು ಒಪ್ಪಿಸುತ್ತಾರೆ.

ಹಾಗಂತ ಕನ್ನಡ ಎಲ್ಲ ಕಡೆ ಕಾಪಾಡುವುದಿಲ್ಲ. "ಒಂದು ಸಂಖ್ಯೆಯನ್ನು 7ರಿಂದ ಕಳೆದರೆ" ಅಂದಾಗ ನಮ್ಮ ಮಕ್ಕಳೂ ಎಕ್ಸ್ − 7 ಬರೆಯುತ್ತಾರೆ. ಆಗ "ನಿನ್ನ ಹತ್ತಿರ 7 ರೂಪಾಯಿ ಇದೆ, ಅದರಲ್ಲಿ ಸ್ವಲ್ಪ ಖರ್ಚಾಯಿತು" ಅಂತ ಬದಲಾಯಿಸಿ ಹೇಳಲು ಬಿಡಿ.

ಎಕ್ಸ್ ಅಂದರೆ ಏನು ಅನ್ನುವಲ್ಲಿ ತುಂಬ ಕಟ್ಟುನಿಟ್ಟಾಗಿರಿ. "ಎಕ್ಸ್ ಅಂದ್ರೆ ಆಟೋ" ಅಂದರೆ ಒಪ್ಪಬೇಡಿ. "ಆಟೋ ಓಡಿದ ಕಿಲೋಮೀಟರ್‌ಗಳ ಸಂಖ್ಯೆ" ಅನ್ನಬೇಕು. ಅಮೆರಿಕದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮೊದಲ ವರ್ಷದ 150 ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದೇ ಸಾಲಿನ ಕೆಲಸ ಕೊಟ್ಟರು: ಪ್ರೊಫೆಸರ್‌ಗಳ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ, ಸಮೀಕರಣ ಬರೆಯಿರಿ. ನೂರಕ್ಕೆ 37 ಮಂದಿ ತಪ್ಪು ಬರೆದರು. ಪ್ರೊಫೆಸರ್‌ಗಳ ಸಂಖ್ಯೆಯನ್ನು ಆರರಿಂದ ಗುಣಿಸುವ ಬದಲು ವಿದ್ಯಾರ್ಥಿಗಳ ಸಂಖ್ಯೆಯನ್ನು ಗುಣಿಸಿದ ತಪ್ಪೇ ಹೆಚ್ಚು. ಎಂಜಿನಿಯರಿಂಗ್ ಸೇರಿದವರೇ ಎಡವುವ ಜಾಗ ಇದು. ನಿಮ್ಮ ಎಂಟನೇ ಕ್ಲಾಸಿನ ಮಕ್ಕಳು ಎಡವಿದರೆ ದಡ್ಡರು ಅಂದುಕೊಳ್ಳಬೇಡಿ, ಅವರಿಗೂ ಅನ್ನಬೇಡಿ.

ಅಂಕ ಹೀಗೆ ಕೊಡುತ್ತೇನೆ: ಸಮೀಕರಣ ಸರಿ ಇದ್ದರೆ 2, ಉತ್ತರಕ್ಕೆ 1, ತಮ್ಮ ತಪ್ಪನ್ನು ತಾವೇ ಹಿಡಿದರೆ ಇನ್ನೊಂದು. ವೇಗಕ್ಕೆ ಏನೂ ಇಲ್ಲ. 48 ಮಕ್ಕಳು ಅಂದರೆ 12 ಗುಂಪು. ಅಷ್ಟೂ ಚೀಟಿ ನೀವೊಬ್ಬರೇ ನೋಡಲು ಆಗುವುದಿಲ್ಲ. ಪಕ್ಕದ ಗುಂಪಿನ ನಾಲ್ಕನೆಯವರಿಂದ ನೋಡಿಸಿ. ಒಂದು ಪೀರಿಯಡ್‌ಗೆ ಮೂರು ಲೆಕ್ಕ ಸಾಕು. ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗ ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಗಲಾಟೆ ಆಗುತ್ತದೆ, ಹೆಡ್‌ಮಾಸ್ಟರಿಗೆ ಮೊದಲೇ ಒಂದು ಮಾತು ಹೇಳಿರಿ.

ಎರಡು ವಾರ ಆದಮೇಲೆ ಉಲ್ಟಾ ಆಡಿಸಿ. ಸಮೀಕರಣ ನೀವು ಕೊಡಿ, ಕಥೆ ಅವರು ಕಟ್ಟಲಿ. 3ಎಕ್ಸ್ + 10 = 100 ಕೊಟ್ಟಾಗ ಒಂದು ಗುಂಪು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಯಿತು: ಮೂರು ಪೊಟ್ಟಣ ಕಡಲೆಕಾಯಿ, 10 ರೂಪಾಯಿಯ ಬತ್ತಾಸು, ಒಟ್ಟು 100. ಇನ್ನೊಂದು ಗುಂಪಿಗೆ 2ಎಕ್ಸ್ + 15 = 50 ಕೊಟ್ಟಿದ್ದೆ. ಅವರು ಕೋಳಿಗಳ ಕಥೆ ಕಟ್ಟಿದರು, ಉತ್ತರ ಹದಿನೇಳೂವರೆ ಕೋಳಿ ಬಂತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ಆ ಗುಂಪೇ ಕೋಳಿ ಬಿಟ್ಟು ಎರಡು ಲೋಟ ಕಬ್ಬಿನ ಹಾಲಿನ ಬೆಲೆ ಅಂತ ಬದಲಾಯಿಸಿತು. ಯಾವುದನ್ನು ಎಣಿಸುತ್ತೇವೆ, ಯಾವುದನ್ನು ಅಳೆಯುತ್ತೇವೆ ಅನ್ನುವುದನ್ನು ನಾನು ಹೇಳಿಕೊಡಬೇಕಾಗಲೇ ಇಲ್ಲ.

ನಾಳೆಯೇ ಶುರು ಮಾಡುವುದಾದರೆ ಆಟೋ ಲೆಕ್ಕದಿಂದ ಶುರು ಮಾಡಿ. ವಯಸ್ಸಿನ ಲೆಕ್ಕಗಳನ್ನು ಮೂರನೇ ಸಲಕ್ಕೆ ಇಟ್ಟುಕೊಳ್ಳಿ. ಅಮ್ಮನಿಗೆ ಈಗ ಮಗಳ ಮೂರರಷ್ಟು ವಯಸ್ಸು, 12 ವರ್ಷ ಆದಮೇಲೆ ಎರಡರಷ್ಟು ಅಂದರೆ, ಮಕ್ಕಳು ಅಮ್ಮನಿಗೆ ಮಾತ್ರ 12 ಕೂಡಿಸಿ ಮಗಳನ್ನು ಮರೆಯುತ್ತಾರೆ. ಅಷ್ಟು ಹೊತ್ತಿಗೆ ನಾಲ್ಕನೆಯವರಿಗೆ ಕಥೆಗೆ ಹಾಕಿ ನೋಡುವ ಅಭ್ಯಾಸ ಆಗಿರುತ್ತದೆ, ಅವರೇ ಹಿಡಿಯುತ್ತಾರೆ.