ಲೆಕ್ಕ ಕಂಪ್ಯೂಟರಿನದು, ಸಹಿ ಯಾರದು?

ಪತ್ರ: ನಾನು ಉಗ್ರಾಣವೊಂದರ ಮೇಲ್ವಿಚಾರಕ. ಹೊಸ ಸಾಫ್ಟ್‌ವೇರ್ ಒಬ್ಬ ಕೆಲಸಗಾರನ ಲಾಗಿನ್‌ನಲ್ಲಿ ಮೂರು ತಿಂಗಳಿಂದ ಸರಕಿನ ಕೊರತೆ ತೋರಿಸುತ್ತಿದೆ. ತಾನು ಮುಟ್ಟಿಯೇ ಇಲ್ಲ ಎನ್ನುತ್ತಾನೆ. ಸಂಬಳದಲ್ಲಿ ಹಿಡಿದುಕೊಂಡು ಮೆಮೊ ಕೊಡಿ ಎಂದು ಮೇಲಿನವರ ಆದೇಶ. ಕಂಪ್ಯೂಟರೇ ಹೇಳಿದ ಮೇಲೆ ನಾನು ಸಹಿ ಹಾಕಿದರೆ ತಪ್ಪೇನು? (ಹೆಸರು ಬೇಡ)

ಸಂಪಾದಕರ ಉತ್ತರ: ನಿಮ್ಮ ಪುಟ್ಟ ಪತ್ರದಲ್ಲಿ ಅವನ ಮಾತಿಗೂ ಒಂದು ಸಾಲು ಕೊಟ್ಟಿದ್ದೀರಿ. ಅದು ನಿಮ್ಮನ್ನು ಕೊರೆಯುತ್ತಿದೆ ಎಂದು ನಂಬಿ ಬರೆಯುತ್ತಿದ್ದೇನೆ. ಈಗಲೇ ಸಹಿ ಹಾಕಬೇಡಿ.

ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಿಂದ ತನ್ನ ಶಾಖೆಗಳಿಗೆ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ತಂದಿತು. ನಡೆಸುತ್ತಿದ್ದುದು ಫುಜಿತ್ಸು ಕಂಪನಿ. ಶಾಖೆಗಳ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ಶಾಖೆ ನಡೆಸುವ ಸಬ್ ಪೋಸ್ಟ್‌ಮಾಸ್ಟರುಗಳು ಕೈಯಿಂದ ಹಣ ತುಂಬಿದರು. ಕೆಲವರು ಮನೆ ಕಳೆದುಕೊಂಡರು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಮಂದಿಯ ಮೇಲೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪದ ಮೊಕದ್ದಮೆ ನಡೆದಿತ್ತು. ಹಲವರು ಜೈಲಿಗೆ ಹೋದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ದೂರಿದವರಲ್ಲಿ ಅನೇಕರಿಗೆ ಸಿಕ್ಕ ಉತ್ತರ, 'ಈ ತೊಂದರೆ ನಿಮ್ಮೊಬ್ಬರಿಗೇ' ಎಂಬುದು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಸಂಕಟವಾಗುತ್ತದೆ.

ಕಾನೂನು ಏನು ಮಾಡುತ್ತಿತ್ತು ಎಂದು ಕೇಳುತ್ತೀರಿ. 1984ರ ಕಾಯ್ದೆಯೊಂದರ ಪ್ರಕಾರ ಅಲ್ಲಿ ಕ್ರಿಮಿನಲ್ ಮೊಕದ್ದಮೆಗೆ ಕಂಪ್ಯೂಟರ್ ದಾಖಲೆ ತರುವವರೇ ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. 1999ರ ಇನ್ನೊಂದು ಕಾಯ್ದೆ ಆ ನಿಯಮವನ್ನು ತೆಗೆದುಹಾಕಿತು. ಆಮೇಲೆ ಕಂಪ್ಯೂಟರ್ ಸರಿಯಿದೆ ಎಂದೇ ನ್ಯಾಯಾಲಯ ಎಣಿಸುತ್ತಿತ್ತು. ತಪ್ಪಿದೆ ಎನ್ನುವವನೇ ಅದಕ್ಕೆ ಆಧಾರ ಕೊಡಬೇಕು. ಪ್ರೋಗ್ರಾಂ, ದೋಷಗಳ ಪಟ್ಟಿ ಎಲ್ಲ ಕಂಪನಿಯ ಕೈಯಲ್ಲಿರುವಾಗ ಅವನು ಆಧಾರ ತರುವುದೆಲ್ಲಿಂದ? ಫುಜಿತ್ಸು ನೌಕರರು ದೂರದಿಂದಲೇ ಶಾಖೆಯ ಲೆಕ್ಕ ಬದಲಿಸಬಹುದಿತ್ತು ಎಂಬ ಸತ್ಯವನ್ನೂ ಸಂಸ್ಥೆ ವರ್ಷಗಟ್ಟಲೆ ಅಲ್ಲಗಳೆಯಿತು. ಹೊರೈಜನ್‌ನಲ್ಲಿ ದೋಷಗಳಿದ್ದವೆಂದು ಹೈಕೋರ್ಟು ತೀರ್ಪಿತ್ತದ್ದು 2019ರ ಡಿಸೆಂಬರಿನಲ್ಲಿ, 555 ಮಂದಿ ಒಟ್ಟಾಗಿ ಹೂಡಿದ ದಾವೆಯಲ್ಲಿ. ಉಳಿದವರ ಶಿಕ್ಷೆಯನ್ನು ಒಟ್ಟಿಗೆ ರದ್ದು ಮಾಡಲು 2024ರಲ್ಲಿ ಸಂಸತ್ತೇ ಕಾಯ್ದೆ ತರಬೇಕಾಯಿತು.

ಆ ಮೊಕದ್ದಮೆಗಳ ಒಂದೊಂದು ಕಾಗದದ ಮೇಲೂ ಯಾರದೋ ಸಹಿ ಇತ್ತು. ಅವರೂ ನಿಮ್ಮಂತೆಯೇ, ಕಂಪ್ಯೂಟರ್ ಹೇಳಿದೆಯಲ್ಲ ಎಂದುಕೊಂಡಿರಬಹುದು.

ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ, ಜನರ ವೈಯಕ್ತಿಕ ಮಾಹಿತಿಯನ್ನು ಕಾಯುವ ಜಿಡಿಪಿಆರ್ ನಿಯಮದ 22ನೇ ವಿಧಿ, ಬರೀ ಯಂತ್ರವೇ ತೆಗೆದುಕೊಂಡ ಗಂಭೀರ ನಿರ್ಧಾರಕ್ಕೆ ಒಳಗಾಗದಿರುವ ಹಕ್ಕನ್ನು, ಕೆಲವು ವಿನಾಯಿತಿಗಳೊಂದಿಗೆ, ಕೊಡುತ್ತದೆ. ಆದರೆ ನಡುವೆ ಕೂತ ಮನುಷ್ಯ ಕಣ್ಣುಮುಚ್ಚಿ ಸಹಿ ಹಾಕುವುದಾದರೆ ಅವನಿದ್ದೂ ಪ್ರಯೋಜನವಿಲ್ಲ.

ಮೊದಲು ಸರಕನ್ನು ಕೈಯಾರೆ ಎಣಿಸಿಸಿ, ಅವನ ಎದುರಿಗೇ. ಅವನ ಪಾಸ್‌ವರ್ಡ್ ಬೇರೆಯವರಿಗೂ ಗೊತ್ತೇ, ಪಾಳಿ ಬದಲಾದಾಗ ಒಂದೇ ಲಾಗಿನ್‌ನಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಾರೆಯೇ ವಿಚಾರಿಸಿ. ನೆಟ್‌ವರ್ಕ್ ಕಡಿದು ಮತ್ತೆ ಬಂದಾಗ ಒಂದೇ ಪೆಟ್ಟಿಗೆ ಎರಡು ಸಲ ದಾಖಲಾಗುತ್ತದೆಯೇ ಎಂಬುದನ್ನು ನೀವೇ ಪರೀಕ್ಷಿಸಬಹುದು. ಇಂಥದೇ ಕೊರತೆ ಬೇರೆ ಉಗ್ರಾಣಗಳಲ್ಲೂ ಕಂಡಿದೆಯೇ ಎಂದು ಸಾಫ್ಟ್‌ವೇರ್ ಕೊಟ್ಟವರನ್ನು ಲಿಖಿತವಾಗಿ ಕೇಳಿ. ಉತ್ತರವೂ ಲಿಖಿತವಾಗಿಯೇ ಬರಲಿ. ಅದು ಬರುವವರೆಗೆ ಸಂಬಳ ಹಿಡಿಯುವುದು ಬೇಡವೆಂದು ಮೇಲಿನವರಿಗೆ ಬರೆದು ಪ್ರತಿ ಇಟ್ಟುಕೊಳ್ಳಿ. ಇದರಿಂದ ನಿಮಗೂ ಕಿರಿಕಿರಿಯಾದೀತು, ಬಲ್ಲೆ. ಆದರೂ ಅವನು ಕದ್ದಿದ್ದರೆ ಈ ತಪಾಸಣೆಯಲ್ಲಿ ಅದೂ ತಿಳಿದೀತು.