ಮುಂಬೈ, ಕೋಲ್ಕತ್ತಾದಲ್ಲೇ ನೂರು ವರ್ಷ ದಾಟಿದ ವಕೀಲರ ಸಂಸ್ಥೆಗಳು ಜಾಸ್ತಿ ಯಾಕೆ?

ಅಲ್ಲಿನ ಹೈಕೋರ್ಟುಗಳಲ್ಲಿ ಇದ್ದ ಇಬ್ಬಗೆಯ ವಕೀಲಿ ಪದ್ಧತಿಯೇ ಮುಖ್ಯ ಕಾರಣ.

ಆ ಕೋರ್ಟುಗಳಿಗೆ ನಗರದ ದೊಡ್ಡ ಸಿವಿಲ್ ದಾವೆಗಳು ನೇರವಾಗಿ ಬರುತ್ತಿದ್ದವು. ವಾದ ಮಾಡುವವರು ಬ್ಯಾರಿಸ್ಟರ್. ಆದರೆ ಕಕ್ಷಿದಾರ ಸೀದಾ ಅವರ ಬಳಿ ಹೋಗುವಂತಿರಲಿಲ್ಲ. ಮೊದಲು ಸಾಲಿಸಿಟರ್ ಹಿಡಿಯಬೇಕು. ಕಾಗದಪತ್ರ ಸಿದ್ಧಪಡಿಸಿ, ದಾವೆ ಹೂಡಿ, ಬ್ಯಾರಿಸ್ಟರನ್ನು ಗೊತ್ತುಮಾಡುವುದು ಅವರ ಕೆಲಸ.

ಗಮನಿಸಬೇಕಾದ್ದು ಇಲ್ಲೇ. ಬ್ಯಾರಿಸ್ಟರ್ ಒಂಟಿಯಾಗಿಯೇ ದುಡಿಯಬೇಕಿತ್ತು, ಸಾಲಿಸಿಟರುಗಳು ಪಾಲುದಾರರಾಗಬಹುದಿತ್ತು. ಹಾಗಾಗಿ ಹಿರಿಯರು ಹೋದರೂ ಕಡತ, ಕಕ್ಷಿದಾರರು, ಹೆಸರು ಎಲ್ಲವೂ ಮುಂದಿನ ಪಾಲುದಾರರಿಗೆ ಉಳಿಯುತ್ತಿತ್ತು. 1830ರಲ್ಲಿ ಶುರುವಾದ ಮುಂಬೈಯ ಕ್ರಾಫರ್ಡ್ ಬೇಯ್ಲಿ ಎಂಬ ವಕೀಲರ ಸಂಸ್ಥೆ ಇಂದಿಗೂ ಬ್ರಿಟಿಷ್ ಹೆಸರಿನಲ್ಲೇ ನಡೆಯುತ್ತಿದೆ. ಈಗ ಅದನ್ನು ನಡೆಸುವವರು ಭಾರತೀಯರೇ.

ನಮ್ಮ ಕಡೆ ಹೀಗಿರಲಿಲ್ಲ. ದೊಡ್ಡ ದಾವೆಯೂ ಜಿಲ್ಲೆಯ ಸಿವಿಲ್ ಕೋರ್ಟಿನಲ್ಲೇ ಶುರು. ಅರ್ಜಿ ಬರೆಯುವವರೂ ವಾದಿಸುವವರೂ ಒಬ್ಬರೇ ವಕೀಲರು. ಅವರ ಆಫೀಸು ಮಗನಿಗೋ ಜೂನಿಯರಿಗೋ ಹೋಗುತ್ತಿತ್ತು, ಇಲ್ಲವೇ ಅವರೊಂದಿಗೇ ಮುಚ್ಚುತ್ತಿತ್ತು. ನನಗಂತೂ ಇದು ದೊಡ್ಡ ನಷ್ಟ ಅನಿಸುತ್ತದೆ. ಎಷ್ಟೋ ಊರಿನ ಜಮೀನು, ವ್ಯಾಪಾರದ ಚರಿತ್ರೆ ಆ ಕಡತಗಳಲ್ಲಿತ್ತು.

ವಕೀಲರ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿ ಸಾಲಿಸಿಟರ್ ಎಂಬ ಪ್ರತ್ಯೇಕ ವರ್ಗವನ್ನು ಕಾನೂನಿನಿಂದ ತೆಗೆದುಹಾಕಿತು. ಅಷ್ಟರಲ್ಲಿ ಆ ಸಂಸ್ಥೆಗಳು ಗಟ್ಟಿಯಾಗಿ ಬೇರೂರಿದ್ದವು.