ಸ್ವಂತ ಮನೆ ಬೇಕು ಅನ್ನುವುದು ವಿಗ್ರಹಾರಾಧನೆಯಾ?

ಪ್ರಶ್ನೆ: ನನಗೆ 41 ವರ್ಷ. ಊರು ಉಡುಪಿ ಕಡೆ. ಡೊಂಬಿವಲಿಯಲ್ಲಿ ಬಾಡಿಗೆ ಮನೆ, ಕೆಲಸ ಲೋವರ್ ಪರೇಲ್‌ನಲ್ಲಿ. ಠಾಣೆಯಲ್ಲಿ ಒಂದು ಫ್ಲ್ಯಾಟ್ ಮಾಡಬೇಕು ಅಂತ ವರ್ಷಗಳಿಂದ ಒದ್ದಾಡುತ್ತಿದ್ದೇನೆ. ಭಾನುವಾರ ಫ್ಲ್ಯಾಟ್ ನೋಡಲು ಹೋಗುವುದರಿಂದ ಚರ್ಚಿನ ಆರಾಧನೆ ತಪ್ಪುತ್ತಿದೆ. ಊರಿನಲ್ಲಿರುವ ಅಮ್ಮನಿಗೆ ಕಳಿಸುತ್ತಿದ್ದ ದುಡ್ಡನ್ನು ಡೌನ್ ಪೇಮೆಂಟಿಗಾಗಿ ನಿಲ್ಲಿಸಿದ್ದೇನೆ. ಈಗ ಚಿನ್ನ ಅಡ ಇಡೋಣ ಅಂದಾಗ ಹೆಂಡತಿ, "ಈ ಫ್ಲ್ಯಾಟೇ ನಿಮಗೆ ವಿಗ್ರಹ ಆಗಿಬಿಟ್ಟಿದೆ" ಅಂದಳು. ತುಂಬಾ ನೋವಾಯಿತು. ನಮ್ಮ ಮನೆಯಲ್ಲಿ ಪೂಜೆಗೆ ಅಂತ ಒಂದು ಪಟವೂ ಇಲ್ಲ. ಈ ಫ್ಲ್ಯಾಟಿಗಾಗಿ ಉಪವಾಸ ಪ್ರಾರ್ಥನೆ ಮಾಡುತ್ತಿದ್ದೇನೆ. ಮಕ್ಕಳಿಗೋಸ್ಕರ ಮನೆ ಬೇಕು ಅನ್ನುವುದು ತಪ್ಪಾ?

ಉತ್ತರ: ಪ್ರಿಯ ಸಹೋದರರೇ, ಮನೆ ಬೇಕು ಅನ್ನುವುದು ಪಾಪವಲ್ಲ. ಮುಂಬೈಯಲ್ಲಿ ಬಾಡಿಗೆಗೆ ಇರುವವರ ಕಷ್ಟ ಎಲ್ಲರಿಗೂ ಗೊತ್ತು. 11 ತಿಂಗಳ ಅಗ್ರಿಮೆಂಟ್ ಮುಗಿಯುವ ಹೊತ್ತಿಗೆ ಮಾಲೀಕರು ಏನು ಹೇಳುತ್ತಾರೋ ಅನ್ನುವ ದಿಗಿಲು. ಮತ್ತೆ ಡಿಪಾಸಿಟ್, ಮತ್ತೆ ಬ್ರೋಕರ್, ಮಕ್ಕಳ ಸ್ಕೂಲ್ ಚಿಂತೆ. ಬೈಬಲ್ಲಿನಲ್ಲಿ, ಬಾಬಿಲೋನಿಗೆ ಸೆರೆ ಹೋಗಿದ್ದ ಯೆಹೂದ್ಯ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ ದೇವರೇ, ಅಲ್ಲಿ ಮನೆ ಕಟ್ಟಿಕೊಂಡು ವಾಸಿಸಿ ಅಂದಿದ್ದಾನೆ. ಪರವೂರಿನಲ್ಲಿ ಬದುಕು ಕಟ್ಟುವ ನಿಮಗೂ ಆ ಮಾತು ಸಲ್ಲುತ್ತದೆ.

ಆದರೂ ನಿಮ್ಮ ಹೆಂಡತಿಯ ಮಾತನ್ನು ತಳ್ಳಿಹಾಕಬೇಡಿ. ಮನೆಯಲ್ಲಿ ಪಟ ಇಲ್ಲ ಅನ್ನುವುದರಿಂದ ಏನೂ ತೀರ್ಮಾನ ಆಗುವುದಿಲ್ಲ. ಲೋಭವೂ ವಿಗ್ರಹಾರಾಧನೆಯೇ ಅಂತ ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ವಿಶ್ವಾಸಿಗಳಿಗೆ ನೇರವಾಗಿ ಬರೆದ. ಒಳ್ಳೆಯ ವಸ್ತುವೇ ವಿಗ್ರಹ ಆಗಬಹುದು, ಅದೇ ಕಷ್ಟ. ಅರಣ್ಯದಲ್ಲಿ ಮೋಶೆ ಮಾಡಿಸಿದ ತಾಮ್ರದ ಸರ್ಪ ನೆನಪಿದೆಯಾ? ದೇವರ ಮಾತಿನಂತೆಯೇ ಮಾಡಿಸಿದ್ದು. ಹಾವು ಕಚ್ಚಿದವರು ಅದನ್ನು ನೋಡಿದಾಗ ಅವರ ಜೀವ ಉಳಿಯಿತು. ಎಷ್ಟೋ ತಲೆಮಾರು ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕುತ್ತಿದ್ದರು. ಹಿಜ್ಕೀಯ ರಾಜ ಅದನ್ನು ಒಡೆದು ಹಾಕಿಸಬೇಕಾಯಿತು.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅಮ್ಮನ ದುಡ್ಡು. ಅದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಓದಿ. ತಂದೆತಾಯಿಗೆ ಕೊಡಬೇಕಾದದ್ದನ್ನು "ಕೊರ್ಬಾನ್, ಇದು ದೇವರಿಗೆ ಮೀಸಲು" ಅಂತ ಹೇಳಿ ಕೈಬಿಡುತ್ತಿದ್ದವರನ್ನು ಯೇಸು ಅಲ್ಲಿ ಗದರಿಸುತ್ತಾನೆ. ದೇವರ ಹೆಸರಿನಲ್ಲಿ ಕೂಡ ಅಮ್ಮನ ಪಾಲನ್ನು ಎತ್ತಿಡುವಂತಿಲ್ಲ ಅಂದಮೇಲೆ, ಫ್ಲ್ಯಾಟಿನ ಹೆಸರಿನಲ್ಲಿ ಹೇಗೆ ಎತ್ತಿಡುತ್ತೀರಿ? ಆ ದುಡ್ಡಿನಲ್ಲಿ ಅಮ್ಮ ಔಷಧಿ ತರುತ್ತಿದ್ದರಾ, ಈಗ ಹೇಗೆ ನಡೆಸುತ್ತಿದ್ದಾರೆ ಅಂತ ಕೇಳಿದ್ದೀರಾ? ಮೊದಲು ಕೇಳಿ.

ಪ್ರಾರ್ಥನೆ ಮಾಡುತ್ತೇನೆ ಅಂದಿರಿ, ಸಂತೋಷ. ಆದರೆ ಆ ಪ್ರಾರ್ಥನೆಯಲ್ಲಿ "ಬೇಡ" ಅನ್ನುವ ಉತ್ತರಕ್ಕೆ ಜಾಗ ಇದೆಯಾ? ಇಲ್ಲದಿದ್ದರೆ ದೇವರನ್ನು ಫ್ಲ್ಯಾಟ್ ಕೊಡಿಸುವ ಏಜೆಂಟನಂತೆ ನೋಡುತ್ತಿದ್ದೀರಿ. ಉಪವಾಸ ಎಷ್ಟು ಮಾಡಿದರೂ ಅದು ಸರಿಹೋಗುವುದಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನಗೆ ಬೇಕಾದ್ದನ್ನು ಬಿಚ್ಚಿ ಹೇಳಿಕೊಂಡ, ಆಮೇಲೆ ತಂದೆಯ ಚಿತ್ತವೇ ಆಗಲಿ ಅಂದ. ನೀವೂ ಹಾಗೆ ಕೇಳಬಹುದು.

ಈ ತಿಂಗಳ ಸಂಬಳ ಬಂದ ತಕ್ಷಣ ಅಮ್ಮನಿಗೆ ಕಳಿಸಿ, ಉಳಿದ ಲೆಕ್ಕ ಆಮೇಲೆ. ಭಾನುವಾರ ಎಲ್ಲರೂ ಸೇರಿ ಆರಾಧನೆಗೆ ಹೋಗಿ. ಫ್ಲ್ಯಾಟ್ ನೋಡುವುದಿದ್ದರೆ ರಜೆ ಹಾಕಿ ಬೇರೆ ದಿನ ಹೋಗಿ. ಬಿಲ್ಡರ್ ಆಫೀಸು ವಾರದ ದಿನವೂ ತೆಗೆದಿರುತ್ತದೆ, ಅಲ್ವಾ? ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಫ್ಲ್ಯಾಟ್ ರೇಟು ನೋಡುವ ಅಭ್ಯಾಸ ಇದ್ದರೆ, ಆ ಹೊತ್ತಿಗೆ ಕುಟುಂಬ ಪ್ರಾರ್ಥನೆ ಇಟ್ಟುಕೊಳ್ಳಿ. ಬ್ಯಾಂಕ್ ಎಷ್ಟು ಸಾಲ ಕೊಡುತ್ತದೆ ಅನ್ನುವುದು ಬೇರೆ, ನಿಮ್ಮಿಂದ ಎಷ್ಟು ತೀರಿಸಲು ಆಗುತ್ತದೆ ಅನ್ನುವುದು ಬೇರೆ.

ಚಿನ್ನದ ಮಾತು ಇನ್ನು ಎತ್ತಬೇಡಿ, ಅದು ನಿಮ್ಮ ಹೆಂಡತಿಯದು. ನೋವಾಗುವ ಮಾತನ್ನೂ ಧೈರ್ಯವಾಗಿ ಹೇಳುವ ಹೆಂಡತಿ ನಿಮಗಿದ್ದಾರೆ. ಅವರ ಜೊತೆ ಕೂತು, ಅಂಬರನಾಥ, ಬದ್ಲಾಪುರ ಕಡೆ ಕೈಗೆಟುಕುವ ಸಣ್ಣ ಮನೆ ಸಾಕಾಗುತ್ತದಾ ಅಂತ ಲೆಕ್ಕ ಹಾಕಿ. ಆಗ "ಊಹೂಂ, ಠಾಣೆಯೇ ಆಗಬೇಕು" ಅಂತ ಒಳಗಿಂದ ಸಿಟ್ಟು ಬಂದರೆ, ಯಾಕೆ ಬಂತು ಅನ್ನುವುದನ್ನು ಮುಚ್ಚಿಡದೆ ಅವರಿಗೇ ಹೇಳಿ.